ಅರ್ಧ ಮಿಲಿಮೀಟರ್ ಬೀಡುಕಬ್ಬಿಣ

‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’ ಸಿನಿಮಾನ ನಾನು ಮೊದಲು ನೋಡಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, 2008ರ ಸುಮಾರಿಗೆ. ರೂಮ್‌ಮೇಟ್ ಪೆನ್‌ಡ್ರೈವಲ್ಲಿ ತಂದಿದ್ದ. ಹೆಸರು ನೋಡಿ ನಮ್ಮ ದೇಶದ ಯಾವನೋ ಓಟಗಾರನ ಕಥೆ ಅಂದ್ಕೊಂಡಿದ್ವಿ. ನೋಡಿದ್ರೆ ‘ಇಂಡಿಯನ್’ ಅನ್ನೋದು ಅಮೆರಿಕದ ಒಂದು ಮೋಟಾರ್‌ಸೈಕಲ್ ಬ್ರ್ಯಾಂಡು, ಕಥೆ ನ್ಯೂಜಿಲೆಂಡಿನ ಒಬ್ಬ ಮುದುಕಂದು. ಆದ್ರೂ ಆವತ್ತು ರಾತ್ರಿ ಎದ್ದು ಹೋದವರು ಯಾರೂ ಇಲ್ಲ. ಮುಗಿದಾಗ ಏಳು ಜನ ಮೆಕ್ಯಾನಿಕಲ್ ಹುಡುಗರು, ಒಬ್ಬ ಕಂಪ್ಯೂಟರ್ ಸೈನ್ಸ್ ಹುಡುಗ ಚಪ್ಪಾಳೆ ಹೊಡೆದ್ವಿ. ಆ ಕಂಪ್ಯೂಟರ್ ಸೈನ್ಸ್ ಹುಡುಗ ನಾನು.

ಹೋದ ತಿಂಗಳು ಅದನ್ನೇ ಮತ್ತೆ ನೋಡಿದೆ. ಈ ಸಲ ಚಪ್ಪಾಳೆ ಹೊಡೆಯೋಕೆ ಕೈ ಬರಲಿಲ್ಲ. ಸಿನಿಮಾ ಕೆಟ್ಟದಾಗಿಲ್ಲ. ಇವತ್ತಿಗೂ ಚೆನ್ನಾಗಿದೆ. ಕೆಟ್ಟಿರೋದು ನಾನೇ ಇರಬೇಕು. ನಡುವೆ ಹದಿನೈದು ವರ್ಷ ಕಳೆದಿದೆ. ಅದಕ್ಕಿಂತ ಮುಖ್ಯವಾಗಿ, ನಡುವೆ ನಾನು ಹನ್ನೆರಡು ಹಳೇ ಕಾರುಗಳಿಗೆ 48 ಪಿಸ್ಟನ್ ಮಾಡಿಸಿದ್ದೇನೆ. ಆ 48 ಪಿಸ್ಟನ್ ನೋಡಿದ ಕಣ್ಣಲ್ಲೇ ಈ ಸಿನಿಮಾನ ನೋಡಿದೆ. ಹಾಗೆ ನೋಡಿದಾಗ ಅದರಲ್ಲಿ ಏನೋ ಒಂದು ಇಲ್ಲ ಅಂತ ಗೊತ್ತಾಯ್ತು. ಏನದು ಅಂತ ಹೇಳೋಕೆ ಈ ಬರಹ.

ನೋಡದವರಿಗೆ ಕಥೆ ಎರಡು ಮಾತಲ್ಲಿ. ಬರ್ಟ್ ಮನ್ರೋ ನಿಜವಾಗಿ ಇದ್ದ ವ್ಯಕ್ತಿ. ನ್ಯೂಜಿಲೆಂಡಿನ ದಕ್ಷಿಣದ ತುದಿಯ ಇನ್ವರ್‌ಕಾರ್ಗಿಲ್ ಊರಿನವನು. 1920ರಲ್ಲಿ ಒಂದು ಇಂಡಿಯನ್ ಸ್ಕೌಟ್ ಬೈಕು ಕೊಂಡ. ಅದನ್ನ ಜೀವನಪೂರ್ತಿ ಬಿಚ್ಚಿ, ಜೋಡಿಸಿ, ತಿದ್ದಿದ. 600 ಸಿಸಿ ಎಂಜಿನ್ನು ಬೆಳೆದು ಬೆಳೆದು 950 ಸಿಸಿಯಾಯ್ತು. ಪಿಸ್ಟನ್ನುಗಳನ್ನ ಅವನೇ ಮನೇಲಿ ಎರಕ ಹೊಯ್ದುಕೊಳ್ತಿದ್ದ. ಆ ಬೈಕನ್ನ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿಗೆ ಒಯ್ದು ಓಡಿಸಿ ದಾಖಲೆ ಮಾಡಿದ. ಸಿನಿಮಾದಲ್ಲಿ ಆಂಥೊನಿ ಹಾಪ್ಕಿನ್ಸ್ ಮನ್ರೋ ಆಗಿದ್ದಾನೆ. ನಿರ್ದೇಶಕ ರೋಜರ್ ಡೊನಾಲ್ಡ್‌ಸನ್. ಇದೇ ನಿರ್ದೇಶಕ 1971ರಲ್ಲೇ, ಮನ್ರೋ ಬದುಕಿದ್ದಾಗ, ಅವನ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿದ್ದ. ಅಂದ್ರೆ ಮುದುಕನನ್ನ ಹತ್ತಿರದಿಂದ ನೋಡಿ, ಇಷ್ಟಪಟ್ಟು, ಮೂರು ದಶಕ ಮನಸ್ಸಲ್ಲಿಟ್ಟುಕೊಂಡು ಮಾಡಿದ ಸಿನಿಮಾ ಇದು. ಆ ಪ್ರೀತಿ ಪ್ರತಿ ದೃಶ್ಯದಲ್ಲೂ ಕಾಣುತ್ತೆ.

ಎಲ್ಲರಿಗೂ ನೆನಪಿರೋದು ಆ ಶೆಡ್ಡು. ಅಲ್ಲೊಂದು ಗೂಡು. ಅದರ ತುಂಬಾ ಒಡೆದ, ಕರಗಿದ, ಸೀಳಿದ ಪಿಸ್ಟನ್ನುಗಳು. ವೇಗದ ದೇವರಿಗೆ ನೈವೇದ್ಯ ಅನ್ನೋ ಅರ್ಥದ ಬರಹ ಅದರ ಮೇಲೆ. ಸೋತಿದ್ದನ್ನೆಲ್ಲ ಸಾಲಾಗಿ ಜೋಡಿಸಿಟ್ಟು, ಮುದುಕ ಮತ್ತೆ ಅಲ್ಯುಮಿನಿಯಂ ಕರಗಿಸೋಕೆ ಕೂರ್ತಾನೆ. ಹಾಸ್ಟೆಲಿನಲ್ಲಿ ಆ ಗೂಡು ನೋಡಿ ನನಗೆ ಮೈ ಜುಮ್ ಅಂದಿತ್ತು. ಒಬ್ಬ ಮನುಷ್ಯ, ಒಂದು ಯಂತ್ರ, ಒಂದು ಹಠ. ಸಾಧನೆ ಅಂದ್ರೆ ಹೀಗಿರಬೇಕು ಅಂದ್ಕೊಂಡಿದ್ದೆ.

ಈಗ ನನ್ನ 48 ಪಿಸ್ಟನ್ನಿನ ಕಥೆ.

ತಿಪಟೂರು ಕಡೆಯ ನಮ್ಮ ಹಳ್ಳಿ ಮನೆಯಲ್ಲಿ ತಾತ ತಗೊಂಡಿದ್ದ ಒಂದು ಫೋರ್ಡ್ ಪ್ರಿಫೆಕ್ಟ್ ಇತ್ತು. 1951ರದ್ದು. ಕೊಬ್ಬರಿ ಚೆನ್ನಾಗಿ ಮಾರಿದ ಯಾವುದೋ ವರ್ಷ ಯಾರ ಕೈಯಿಂದಲೋ ಮೂರನೇ ಮಾಲೀಕನಾಗಿ ತಾತ ಅದನ್ನ ತಂದಿದ್ದು. ನನಗೆ ಬುದ್ಧಿ ಬರೋ ಹೊತ್ತಿಗೆ ಅದು ಓಡೋದು ಬಿಟ್ಟಿತ್ತು. ಕೊಟ್ಟಿಗೆ ಪಕ್ಕದಲ್ಲಿ ನಿಂತಿತ್ತು, ಕೋಳಿ ಅದರಲ್ಲಿ ಮೊಟ್ಟೆ ಇಡ್ತಿತ್ತು. ಅಪ್ಪ ಗುಜರಿಗೆ ಹಾಕ್ತೀನಿ ಅಂದಾಗೆಲ್ಲ ಅಜ್ಜಿ ಬಿಡ್ತಿರಲಿಲ್ಲ. ಅಜ್ಜಿ ಹೋದ್ಮೇಲೆ ಬಿಡದೇ ಇರೋ ಸರದಿ ನಂದಾಯ್ತು. ಬೆಂಗಳೂರಿಗೆ ಲಾರಿ ಮೇಲೆ ತಂದು ರಿಪೇರಿ ಶುರು ಮಾಡಿದೆ.

ಅದರ ಎಂಜಿನ್ನು 1172 ಸಿಸಿ, ನಾಲ್ಕು ಸಿಲಿಂಡರು. ಇಂಗ್ಲೆಂಡಿನ ಡಾಗೆನ್‌ಹ್ಯಾಮ್‌ನಲ್ಲಿ ಹುಟ್ಟಿದ್ದು. ಸಿಲಿಂಡರಿನ ಬೋರ್ 63.5 ಮಿಲಿಮೀಟರ್, ಅಂದ್ರೆ ಸರಿಯಾಗಿ ಎರಡೂವರೆ ಇಂಚು. ಎಂಜಿನ್ ಓಡ್ತಾ ಓಡ್ತಾ ಸಿಲಿಂಡರಿನ ಗೋಡೆ ಸವೆಯುತ್ತೆ. ಮೇಲ್ಭಾಗದಲ್ಲಿ, ರಿಂಗು ಮೇಲೆ ಹೋಗಿ ತಿರುಗೋ ಜಾಗದಲ್ಲಿ, ಸವೆತ ಜಾಸ್ತಿ. ಆಗ ಲೇತ್ ಅಂಗಡಿಯಲ್ಲಿ ಸಿಲಿಂಡರನ್ನ ಸ್ವಲ್ಪ ದೊಡ್ಡದಾಗಿ ಕೊರೆಸಿ, ಅಷ್ಟೇ ದೊಡ್ಡ ಪಿಸ್ಟನ್ ಹಾಕಬೇಕು. ಇದಕ್ಕೆ ಓವರ್‌ಸೈಜು ಅಂತಾರೆ. ಬ್ರಿಟಿಷ್ ಎಂಜಿನ್ನುಗಳಲ್ಲಿ ಲೆಕ್ಕ ಇಂಚಿನ ಸಾವಿರದ ಒಂದು ಭಾಗದಲ್ಲಿ. ಇಪ್ಪತ್ತರ ಸೈಜು, ನಲವತ್ತರ ಸೈಜು, ಅರವತ್ತರ ಸೈಜು. ಪ್ರತಿ ಸಲ ಕೊರೆದಾಗಲೂ ಗೋಡೆ ತೆಳ್ಳಗಾಗುತ್ತೆ. ಅರವತ್ತು ದಾಟಿದ್ಮೇಲೆ ಸಿಲಿಂಡರಿನ ಒಳಗೆ ಬೇರೆ ಸ್ಲೀವ್ ಕೂರಿಸಬೇಕು. ಅಂದ್ರೆ ಒಂದು ಬ್ಲಾಕಿಗೆ ಇಷ್ಟೇ ಜನ್ಮ ಅಂತ ಎಣಿಕೆ ಇರುತ್ತೆ.

ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದೆ. ಅಂಬಾಸಡರಿನದು ಇದೆ, ಫಿಯೆಟ್‌ದು ಇದೆ, ಪ್ರಿಫೆಕ್ಟಿನ ಪಿಸ್ಟನ್ ಇಲ್ಲ. ಒಂದು ಅಂಗಡಿಯವರು ಹೆಸರು ಕೇಳಿ ನಕ್ಕು ಟೀ ಕುಡಿಸಿ ಕಳಿಸಿದ್ರು. ಇಂಗ್ಲೆಂಡಿನಿಂದ ತರಿಸಬಹುದಿತ್ತು. ಸಾಗಾಟ, ಸುಂಕ ಎಲ್ಲ ಸೇರಿ ನಮ್ಮಲ್ಲೇ ಮಾಡಿಸೋದಕ್ಕಿಂತ ಎರಡರಷ್ಟಕ್ಕೂ ಹೆಚ್ಚು ಆಗ್ತಿತ್ತು. ಕೊನೆಗೆ ಕೊಯಮತ್ತೂರಿನ ಒಂದು ಕಾರ್ಖಾನೆಯವರು ಮಾಡಿಕೊಡ್ತೀವಿ ಅಂದ್ರು. ಅಚ್ಚು ಮಾಡೋದು, ಮೆಷಿನ್ ಹೊಂದಿಸೋದು ಸೇರಿ 1,20,000 ರೂಪಾಯಿ. ಒಂದು ಕಾರಿಗೆ ಮಾಡಿದ್ರೂ ಅಷ್ಟೇ, ಇಪ್ಪತ್ತಕ್ಕೆ ಮಾಡಿದ್ರೂ ಅಷ್ಟೇ. ಅದರ ಮೇಲೆ ನಾಲ್ಕು ಪಿಸ್ಟನ್, ರಿಂಗು, ಪಿನ್ನು ಸೇರಿ ಕಾರಿಗೆ 8,800.

ಲೆಕ್ಕ ಮಾಡಿ ನೋಡಿ. ನಾನೊಬ್ಬನೇ ಮಾಡಿಸಿದ್ರೆ 1,28,800. ಹನ್ನೆರಡು ಜನ ಸೇರಿದ್ರೆ ತಲೆಗೆ 18,800. ಆರೇ ಜನ ಆದ್ರೆ 28,800. ಅದೇ ಎಂಜಿನ್ನಿನ ಕಾರಿರೋರನ್ನ ಹುಡುಕಿದೆ. ಮೈಸೂರು, ಹಾಸನ, ಶಿವಮೊಗ್ಗ, ಹುಬ್ಬಳ್ಳಿ, ಕೊಡಗು, ಒಬ್ಬರು ಸೇಲಂ. ಹದಿನಾಲ್ಕು ಜನ ಸಿಕ್ಕಿದ್ರು. ವಾಟ್ಸಾಪ್ ಗ್ರೂಪು, ಒಂದು ಎಕ್ಸೆಲ್ ಶೀಟು. ನಮ್ಮಂಥ ಐಟಿಯವರಿಗೆ ಇದಕ್ಕಿಂತ ಇನ್ನೇನು ಬೇಕು?

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಅನ್ನೋ ಬೇರೆ ನೋಂದಣಿ ತಂತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಂತ ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಗ್ರೂಪಿನಲ್ಲಿ ಮೊದಲ ಎರಡು ವಾರ ಬರೀ ಅದರ ಚರ್ಚೆಯೇ ನಡೀತು. ಮೂರನೇ ವಾರ ನಾನು ಕೇಳಿದೆ, ನಂಬರ್ ಪ್ಲೇಟು ಸರ್ಕಾರ ಕೊಡುತ್ತೆ, ಪಿಸ್ಟನ್ ಯಾರು ಕೊಡ್ತಾರೆ? ಮುಂಗಡ ಹಾಕಿ. ಗ್ರೂಪು ಎರಡು ದಿನ ತೆಪ್ಪಗಾಯ್ತು.

ಇಲ್ಲಿಂದ ಮುಂದೆ ನಡೆದಿದ್ದು ಆ ಸಿನಿಮಾದಲ್ಲಿ ಇಲ್ಲದ ಕಥೆ.

ಮೊದಲನೆಯದು ನಂಬಿಕೆಯ ವಿಷಯ. ಪಿಸ್ಟನ್ ನೋಡೋಕೆ ದುಂಡಗೆ ಕಾಣುತ್ತೆ, ಆದ್ರೆ ದುಂಡಗಿರಲ್ಲ. ಕೂದಲೆಳೆಯಷ್ಟು ಅಂಡಾಕಾರ ಇರುತ್ತೆ. ಮೇಲ್ತುದಿ ಹೆಚ್ಚು ಕಾಯೋದ್ರಿಂದ ಅಲ್ಲಿ ಸ್ವಲ್ಪ ಸಣ್ಣ, ಕೆಳಗೆ ಸ್ವಲ್ಪ ದಪ್ಪ. ಅಲ್ಯುಮಿನಿಯಂ ಬಿಸಿಗೆ ಬೀಡುಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ. ಅದಕ್ಕೆ ಜಾಗ ಬಿಡಬೇಕು. ಕಮ್ಮಿ ಬಿಟ್ರೆ ಎಂಜಿನ್ ಹಿಡ್ಕೊಳ್ಳುತ್ತೆ, ಜಾಸ್ತಿ ಬಿಟ್ರೆ ಟಕಟಕ ಅಂತ ಹೊಡ್ಕೊಳ್ಳುತ್ತೆ. ಹಾಗಾಗಿ ಒಳ್ಳೆ ಲೇತ್ ಅಂಗಡಿಯವರು ಪಿಸ್ಟನ್ ಕೈಗೆ ಬರದೇ ಸಿಲಿಂಡರ್ ಕೊರೆಯಲ್ಲ. ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಕೊರೀತಾರೆ. ಇದರ ಅರ್ಥ, ಹಣ ಮೊದಲು ಹೋಗಬೇಕು, ವಸ್ತು ತಿಂಗಳುಗಟ್ಟಲೆ ಆದ್ಮೇಲೆ ಬರಬೇಕು, ಅಲ್ಲೀತನಕ ಹನ್ನೆರಡು ಊರಲ್ಲಿ ಹನ್ನೆರಡು ಎಂಜಿನ್ನು ಬಿಚ್ಚಿ ಹರಡಿರುತ್ತೆ. ಅಷ್ಟೂ ಜನರ ಎರಡು ಲಕ್ಷಕ್ಕೂ ಮೀರಿದ ಹಣ ನನ್ನ ಸೇವಿಂಗ್ಸ್ ಅಕೌಂಟಿನಲ್ಲಿ. ಆ ಎಂಟು ತಿಂಗಳು ನನ್ನ ಹೆಂಡತಿ ಬ್ಯಾಂಕ್ ಆಪ್ ತೆರೆದಾಗೆಲ್ಲ, “ಇದರಲ್ಲಿ ನಮ್ದು ಎಷ್ಟು, ಪಿಸ್ಟನ್‌ದು ಎಷ್ಟು?” ಅಂತ ಕೇಳ್ತಿದ್ದಳು.

ಎರಡನೆಯದು ಬಿಟ್ಟು ಹೋಗೋರದ್ದು. ಹದಿನಾಲ್ಕು ಜನ ಇದ್ದಾಗ ತಲೆಗೆ 17,371 ಆಗ್ತಿತ್ತು. ಒಬ್ಬರು ಮನೆ ಕಟ್ಟಿಸ್ತಿದ್ದೀನಿ ಅಂತ ಬಿಟ್ರು. ಇನ್ನೊಬ್ಬರು ಕಾರಣ ಹೇಳದೇ ಗ್ರೂಪಿಂದ ಹೊರಗೆ ಹೋದ್ರು. ರೇಟು 18,800 ಆಯ್ತು. ಏರಿದ್ದು ಒಂದೂವರೆ ಸಾವಿರವೂ ಇಲ್ಲ. ಆದ್ರೆ ಒಬ್ಬ ಬಿಟ್ಟಾಗ ಉಳಿದವರ ರೇಟು ಏರುತ್ತೆ, ರೇಟು ಏರಿದ್ರೆ ಇನ್ನೊಬ್ಬ ಬಿಡ್ತಾನೆ, ಅವನು ಬಿಟ್ರೆ ಮತ್ತೂ ಏರುತ್ತೆ. ದಾರ ಎಳೆದ ಸ್ವೆಟರ್ ತರ. ಸಾಮೂಹಿಕ ಖರೀದಿಯ ನಿಜವಾದ ಭಯ ಇದು. ಅಪಾರ್ಟ್‌ಮೆಂಟಿನಲ್ಲಿ ಸೋಲಾರ್ ಹಾಕಿಸೋಕೆ ಹೊರಟವರು, ಮಳೆನೀರಿನ ಟ್ಯಾಂಕಿಗೆ ಹಣ ಸೇರಿಸಿದವರು ಯಾರಾದ್ರೂ ಇದ್ರೆ ನಾನು ಹೇಳ್ತಿರೋದು ಏನು ಅಂತ ಅವರಿಗೆ ಗೊತ್ತಾಗುತ್ತೆ. ಮೂರನೇ ಮನುಷ್ಯ ಬಿಡದ ಹಾಗೆ ನೋಡ್ಕೋಬೇಕು. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಮೂರನೆಯದು ಸೈಜಿಂದು. ನಾನು ಇದನ್ನ ಬರೀತಿರೋದು ಇದಕ್ಕಾಗಿಯೇ.

ಕಾರ್ಖಾನೆಯವರು ಎರಡೇ ಸೈಜು ಮಾಡ್ತೀವಿ ಅಂದ್ರು. ಪ್ರತಿ ಸೈಜಿಗೂ ಬೇರೆ ರಿಂಗು ಬೇಕು, ಅದನ್ನ ಚಿಲ್ಲರೆಯಾಗಿ ಮಾಡಿಸೋಕೆ ಆಗಲ್ಲ. ಎಲ್ಲರಿಗೂ ಹೇಳಿದೆ, ನಿಮ್ಮೂರಿನ ಒಳ್ಳೆ ಲೇತ್ ಅಂಗಡಿಯಲ್ಲಿ ಬೋರ್ ಗೇಜ್ ಹಾಕಿ ಅಳೆಸಿ. ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಲ್ಲಿ. ಒಬ್ಬರು ವರ್ನಿಯರ್ ಹಾಕಿ ಬಾಯಿ ಮಾತ್ರ ಅಳೆದು ಕಳಿಸಿದ್ರು. ಮೇಲಿನ ಅಂಚಿಗೆ ರಿಂಗು ತಾಗೋದೇ ಇಲ್ಲ, ಅದು ಸವೆದಿರಲ್ಲ. ವಾಪಸ್ ಕಳಿಸಿ ಮತ್ತೆ ಅಳೆಸಿದೆ. ಕೊನೆಗೆ ಲೆಕ್ಕ ಹೀಗಾಯ್ತು. ಐದು ಕಾರಿಗೆ ಅರವತ್ತರ ಸೈಜು. ಆರಕ್ಕೆ ನಲವತ್ತು. ಒಂದೇ ಒಂದು ಕಾರಿಗೆ ಇಪ್ಪತ್ತು ಸಾಕು.

ಆ ಒಂದು ಕಾರು ಹಾಸನದ ಕಡೆಯ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರದ್ದು. ವಯಸ್ಸು ಎಪ್ಪತ್ತರ ಮೇಲೆ. ಕಾರನ್ನ ಮಗು ತರ ನೋಡ್ಕೊಂಡವರು. ಮೊದಲ ಬೋರಿನಲ್ಲೇ ಇಷ್ಟು ವರ್ಷ ಓಡಿಸಿದ್ರು. ಇಪ್ಪತ್ತಕ್ಕೆ ಕೊರೆಸಿದ್ರೆ ಇನ್ನೂ ಎರಡು ಸಲ ಕೊರೆಸೋಷ್ಟು ಗೋಡೆ ಉಳೀತಿತ್ತು. ನಲವತ್ತಕ್ಕೆ ಹೋದ್ರೆ ಒಂದೇ ಸಲ. ವ್ಯತ್ಯಾಸ ಅರ್ಧ ಮಿಲಿಮೀಟರ್. ಆದ್ರೆ ಅದು ಒಂದು ಜನ್ಮ.

ಫೋನ್ ಮಾಡಿದೆ. “ಸಾರ್, ಇಪ್ಪತ್ತು ಮಾಡಲ್ಲ ಅಂತಿದ್ದಾರೆ. ನೀವು ನಲವತ್ತಕ್ಕೆ ಬಂದ್ರೆ ಎಲ್ಲರಿಗೂ ಆಗುತ್ತೆ.”

“ಬೇರೆ ದಾರಿ ಇಲ್ವೇನಪ್ಪಾ?”

“ಕಷ್ಟ ಸಾರ್.”

“ಸರಿ ಬಿಡು. ಹನ್ನೊಂದು ಜನಕ್ಕೆ ತೊಂದರೆ ಯಾಕೆ? ನಲವತ್ತೇ ಮಾಡ್ಸು.”

ಬೇರೆ ದಾರಿ ಇತ್ತು. ಇಂಗ್ಲೆಂಡಿನಲ್ಲಿ ಇಪ್ಪತ್ತರ ಸೈಜಿನ ಸೆಟ್ಟು ಸಿಗುತ್ತೆ ಅಂತ ನನಗೆ ಗೊತ್ತಿತ್ತು. ವಾರದ ಹಿಂದಷ್ಟೇ ನೋಡಿದ್ದೆ. ದುಬಾರಿ ನಿಜ. ಆದ್ರೆ ದುಬಾರಿಯೋ ಅಲ್ವೋ ಅಂತ ನಿರ್ಧಾರ ಮಾಡಬೇಕಾದವರು ಅವರು, ನಾನಲ್ಲ. ಹೇಳಿದ್ರೆ ಅವರು ಹೋಗಿಬಿಡ್ತಾರೇನೋ, ಹನ್ನೆರಡು ಹನ್ನೊಂದಾಗುತ್ತೆ, ರೇಟು 19,709 ಆಗುತ್ತೆ, ಇನ್ನೊಬ್ಬ ಬಿಡ್ತಾನೆ ಅಂತ ಭಯ. ‘ಕಷ್ಟ’ ಅನ್ನೋ ಪದ ಹುಡುಕಿಕೊಂಡೆ. ಸುಳ್ಳಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ.

ಈಗ ಸಿನಿಮಾಗೆ ವಾಪಸ್ ಬರ್ತೀನಿ.

ಅದರಲ್ಲಿ ಸಹಾಯ ಮಾಡೋರು ಇಲ್ಲ ಅಂತ ಹೇಳೋಕೆ ಹೊರಟರೆ ಅದು ಅನ್ಯಾಯ. ಸಹಾಯ ಮಾಡೋರೇ ತುಂಬಿದ್ದಾರೆ. ಮನ್ರೋ ಅಮೆರಿಕಕ್ಕೆ ಹೋಗೋಕೆ ಊರಿನವರು ಹಣ ಕೂಡಿಸ್ತಾರೆ. ಹಡಗಿನಲ್ಲಿ ಅಡುಗೆ ಕೆಲಸ ಮಾಡ್ಕೊಂಡು ಸಮುದ್ರ ದಾಟ್ತಾನೆ. ಹಳೇ ಕಾರು ಮಾರೋನು ತನ್ನ ಗ್ಯಾರೇಜಿನಲ್ಲಿ ಟ್ರೇಲರ್ ಕಟ್ಕೊಳ್ಳೋಕೆ ಬಿಡ್ತಾನೆ. ಮೋಟೆಲಿನ ಕೌಂಟರಿನಲ್ಲಿ ಗೆಳೆತನ ಸಿಗುತ್ತೆ. ದಾರೀಲಿ ಒಬ್ಬ ಕಾಯಿಲೆಗೆ ಮದ್ದು ಕೊಡ್ತಾನೆ. ಬಾನ್‌ವಿಲ್‌ನಲ್ಲಿ, ಮೊದಲೇ ಹೆಸರು ನೋಂದಾಯಿಸಿಲ್ಲ ಅಂತ ಅಧಿಕಾರಿಗಳು ತಡೆದಾಗ, ಬೇರೆ ಸ್ಪರ್ಧಿಗಳೇ ಅವನ ಪರವಾಗಿ ಮಾತಾಡ್ತಾರೆ. ಈ ಒಳ್ಳೆತನದ ಸಾಲು ನೋಡೋಕೆ ಖುಷಿ. ನಾನೂ ನಂಬ್ತೀನಿ, ಜನ ಹೀಗಿರ್ತಾರೆ.

ಆದ್ರೆ ಗಮನಿಸಿ. ಇಷ್ಟೂ ಜನರಲ್ಲಿ ಏನನ್ನಾದ್ರೂ ಕಳ್ಕೊಳ್ಳೋರು ಒಬ್ಬರೂ ಇಲ್ಲ. ಕೊಡೋರೆಲ್ಲ ನಗ್ತಾ ಕೊಟ್ಟು ಹತ್ತು ನಿಮಿಷದಲ್ಲಿ ಪರದೆಯಿಂದ ಇಳಿದು ಹೋಗ್ತಾರೆ. ಮನ್ರೋ ಯಾರ ಹತ್ತಿರವೂ ಅವರಿಗೆ ನೋವಾಗೋ ಅಂಥದ್ದನ್ನ ಕೇಳಬೇಕಾಗಿ ಬರಲ್ಲ. ಅದಕ್ಕೇ ಅವನು ಕೊನೇವರೆಗೂ ಮುಗ್ಧನಾಗಿ ಉಳಿಯೋಕೆ ಸಾಧ್ಯ ಆಗುತ್ತೆ. ಶೆಡ್ಡಿನ ಆ ಗೂಡಿನಲ್ಲಿರೋ ಒಡೆದ ಪಿಸ್ಟನ್ನುಗಳೆಲ್ಲ ಅವನವೇ. ತನ್ನ ಬೈಕು, ತನ್ನ ಕಾಲು, ತನ್ನ ಹೃದಯದ ಕಾಯಿಲೆ. ತನ್ನದನ್ನು ತಾನು ದೇವರಿಗೆ ಇಡೋದು ದೊಡ್ಡದೇ. ಆದ್ರೆ ಇನ್ನೊಬ್ಬರ ಎಂಜಿನ್ನನ್ನು ಅದೇ ಗೂಡಿನಲ್ಲಿ ಇಡಬೇಕಾಗಿ ಬಂದಾಗ ಮನುಷ್ಯ ಏನು ಮಾಡ್ತಾನೆ? ಆ ಪ್ರಶ್ನೆಯ ಹತ್ತಿರಕ್ಕೂ ಸಿನಿಮಾ ಹೋಗಲ್ಲ.

ಇನ್ನೊಂದು ತಕರಾರು ಕಾಲದ ಬಗ್ಗೆ. ಸಿನಿಮಾದಲ್ಲಿ ಒಂದೇ ಪ್ರಯಾಣ, ಒಂದೇ ಗೆಲುವು, ಕೊನೆಯಲ್ಲಿ ಗಂಟೆಗೆ 200 ಮೈಲಿ ದಾಟೋ ಓಟ. ನಿಜವಾದ ಮನ್ರೋ ಬಾನ್‌ವಿಲ್‌ನಲ್ಲಿ 1962, 1966, 1967 ಹೀಗೆ ಬೇರೆ ಬೇರೆ ವರ್ಷ ದಾಖಲೆ ಮಾಡಿದ. 1967ರದ್ದು ಗಂಟೆಗೆ 183.586 ಮೈಲಿ. ವರ್ಷಗಳನ್ನ ಮಡಚಿ ಎರಡು ಗಂಟೆಗೆ ತರೋದು ಸಿನಿಮಾದ ಹಕ್ಕು, ಅದಕ್ಕೆ ಜಗಳ ಇಲ್ಲ. ಆದ್ರೆ ಹಾಗೆ ಮಡಚಿದಾಗ ಮೊದಲು ಕಳೆದುಹೋಗೋದು ಬೇಸರ. ಹಳೇ ಯಂತ್ರವನ್ನ ಬದುಕಿಸಿ ಇಡೋದ್ರಲ್ಲಿ ನೂರಕ್ಕೆ ತೊಂಬತ್ತು ಪಾಲು ಬೇಸರವೇ. ಅಳೆಯೋದು, ಮತ್ತೆ ಅಳೆಯೋದು, ಕಾಯೋದು, ಫೋನ್ ಮಾಡೋದು, ಹಣ ಹಾಕದವರಿಗೆ ಮೂರನೇ ಸಲ ನೆನಪಿಸೋದು. ಹಾಪ್ಕಿನ್ಸ್ ಅಡುಗೆಮನೆ ಚಾಕುವಿನಿಂದ ಟೈರು ಕೆತ್ತೋದು, ಪೆಟ್ರೋಲ್ ಟ್ಯಾಂಕಿಗೆ ಬಾಟಲಿ ಬಿರಡೆ ಹಾಕೋದು ತೆರೆಯ ಮೇಲೆ ಚಂದ. ಅವನೇನಾದ್ರೂ ಎಕ್ಸೆಲ್ ಶೀಟು ಮುಂದೆ ಕೂತಿದ್ರೆ ಯಾರು ನೋಡ್ತಿದ್ರು, ಹೇಳಿ.

ನಮ್ಮೂರಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾವೆಲ್ಲ ಬರ್ತೀವಿ, ನಾಳೆ ನನ್ನ ಹೊಲಕ್ಕೆ ನೀವೆಲ್ಲ ಬನ್ನಿ. ಕೂಲಿ ಇಲ್ಲ, ಊಟ ಮಾತ್ರ. ಪೇಟೆಯಲ್ಲಿ ಕೂತು ನೆನೆಸಿಕೊಂಡ್ರೆ ಬಹಳ ಚಂದ ಕಾಣುತ್ತೆ. ಆದ್ರೆ ಅದರಲ್ಲೂ ಕಳ್ಕೊಳ್ಳೋನು ಒಬ್ಬ ಇರ್ತಿದ್ದ. ಮಳೆ ಬಿದ್ದ ಮೇಲೆ ಮಣ್ಣಿನ ಹದ ಇರೋದು ನಾಲ್ಕೈದು ದಿನ. ಮೊದಲ ದಿನ ಬಿತ್ತನೆ ಆದ ಹೊಲಕ್ಕೆ ಒಳ್ಳೆ ಹದ. ಕೊನೆಯ ದಿನದ ಹೊಲದಲ್ಲಿ ಹದ ಆರಿರುತ್ತೆ, ಮೊಳಕೆ ಕಮ್ಮಿ. ಯಾರದ್ದು ಮೊದಲು, ಯಾರದ್ದು ಕೊನೆ ಅಂತ ಜಗಲಿ ಮೇಲೆ ಎಲ್ಲರ ಮುಂದೆ ತೀರ್ಮಾನ ಆಗ್ತಿತ್ತು. ಜೋರು ಮಾತು, ಮುನಿಸು ಎಲ್ಲ ಇರ್ತಿತ್ತು. ಆದ್ರೆ ಈ ಸಲ ಕೊನೆಗೆ ಒಪ್ಪಿಕೊಂಡೋನು ಮುಂದಿನ ಸಲ ಮೊದಲು ಅನ್ನೋದನ್ನ ಯಾರೂ ಮರೀತಿರಲಿಲ್ಲ. ತಾತನಿಗೆ ಓದು ಬರಹ ಅಷ್ಟಕ್ಕಷ್ಟೇ. ಹೋದ ವರ್ಷ ಯಾರ ಹೊಲ ಕೊನೇಲಿತ್ತು ಅಂತ ಕೇಳಿದ್ರೆ ಥಟ್ ಅಂತ ಹೇಳ್ತಿದ್ದ.

ನನ್ನ ಎಕ್ಸೆಲ್ ಶೀಟಿನಲ್ಲಿ ಹೆಸರು, ಊರು, ಸೈಜು, ಮುಂಗಡ, ಬಾಕಿ, ಕೊರಿಯರ್ ವಿಳಾಸ ಎಲ್ಲಕ್ಕೂ ಕಾಲಂ ಇತ್ತು. ಯಾರು ಏನು ಬಿಟ್ಟುಕೊಟ್ರು ಅನ್ನೋದಕ್ಕೆ ಕಾಲಂ ಇರಲಿಲ್ಲ. ಮೇಷ್ಟ್ರ ಸಾಲಿನಲ್ಲೂ ಬೇರೆ ಆರು ಜನರ ತರವೇ 40 ಅಂತಷ್ಟೇ ಇತ್ತು. ಅದು ಮೊದಲು 20 ಆಗಿತ್ತು ಅಂತ ಗ್ರೂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಂಟು ತಿಂಗಳಿಗೆ ಪಿಸ್ಟನ್ ಬಂತು. ಚೆನ್ನಾಗಿ ಬಂದಿತ್ತು. ತೂಗಿ ನೋಡಿ, ತೂಕ ಹೊಂದೋ ನಾಲ್ಕು ನಾಲ್ಕನ್ನ ಒಂದೊಂದು ಸೆಟ್ ಮಾಡಿ, ಮೈಕ್ರೋಮೀಟರಿನಲ್ಲಿ ಅಳೆದು, ಅಳತೆಯ ಚೀಟಿ ಅಂಟಿಸಿ ಕಳಿಸಿದೆ. ಗ್ರೂಪಿನಲ್ಲಿ ಹೂಗುಚ್ಛ, ಚಪ್ಪಾಳೆ, ‘ಯು ಆರ್ ಗ್ರೇಟ್ ಬ್ರೋ’. ಒಬ್ಬರಂತೂ ನನ್ನನ್ನ ನಮ್ಮ ಬರ್ಟ್ ಮನ್ರೋ ಅಂದ್ರು. ಆ ಮಾತಿಗೇ ಆವತ್ತು ರಾತ್ರಿ ಆ ಸಿನಿಮಾ ಮತ್ತೆ ಹಾಕಿ ಕೂತಿದ್ದು.

ಎರಡು ದಿನ ಬಿಟ್ಟು ಮೇಷ್ಟ್ರು ಫೋಟೋ ಕಳಿಸಿದ್ರು. ಅವರ ಬ್ಲಾಕು, ಕೊರೆದು ಮುಗಿದಿದ್ದು. ಸಿಲಿಂಡರಿನ ಗೋಡೆ ಕನ್ನಡಿ ತರ. ಕೆಳಗೆ ಬಟ್ಟೆ ಮೇಲೆ ಬಿದ್ದ ಬೀಡಿನ ಪುಡಿ ಕೂಡ ಫೋಟೋದಲ್ಲಿ ಬಂದಿತ್ತು. ನನಗೆ ಆ ಪುಡಿ ಬಿಟ್ಟು ಬೇರೇನೂ ಕಾಣಲಿಲ್ಲ. ಅದು ವಾಪಸ್ ಅಂಟಲ್ಲ.

ಭಾನುವಾರ ಕಾರು ತಗೊಂಡು ಅವರೂರಿಗೆ ಹೋದೆ. ಕಾಫಿ ಆಯ್ತು. ಹೇಳಿದೆ.

“ಇಂಗ್ಲೆಂಡಲ್ಲಿ ಇಪ್ಪತ್ತರದ್ದು ಸಿಗ್ತಿತ್ತು ಸಾರ್. ರೇಟು ಎರಡರಷ್ಟಕ್ಕಿಂತ ಜಾಸ್ತಿ. ನಿಮಗೆ ಹೇಳಲಿಲ್ಲ.”

“ಆಗ್ಲೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು ಸಾರ್.”

ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಬಯ್ದಿದ್ರೆ ಹಗುರ ಆಗ್ತಿತ್ತು. ಆಮೇಲೆ ನಿಧಾನಕ್ಕೆ ಹೇಳಿದ್ರು. “ಹೇಳಿದ್ರೂ ನಾನು ನಿಮ್ ಜೊತೇನೇ ಇರ್ತಿದ್ದೆ ಅಂತ ಕಾಣುತ್ತೆ ಕಣಪ್ಪಾ. ಎಲ್ಲರ ಕೆಲಸ ಆಗ್ಲಿ ಅಂತ. ಆದ್ರೆ ಈಗ ಹಂಗನ್ನೋಕೆ ಆಗಲ್ವಲ್ಲ. ನಾನಾಗಿ ಕೊಟ್ಟಂಗೂ ಆಗಲಿಲ್ಲ.”

ಅರ್ಧ ಮಿಲಿಮೀಟರ್ ಕಬ್ಬಿಣ ಅವರು ಕೊಡ್ತಿದ್ರು. ನಾನು ತಗೊಂಡೆ. ಎರಡರಲ್ಲೂ ಉಳಿಯೋ ಗೋಡೆಯ ದಪ್ಪ ಒಂದೇ. ಆದ್ರೆ ಮೊದಲನೆಯದ್ರಲ್ಲಿ ಹನ್ನೊಂದು ಜನ ಅವರಿಗೆ ಋಣಿಗಳಾಗಿರ್ತಿದ್ರು. ಎರಡನೆಯದ್ರಲ್ಲಿ ಹನ್ನೊಂದು ಜನ ನನಗೆ ಚಪ್ಪಾಳೆ ಹೊಡೆದ್ರು.

ಮನ್ರೋ ದಾಖಲೆಯ ಬಗ್ಗೆ ಒಂದು ಸಂಗತಿ ಇದೆ, ಸಿನಿಮಾ ಬಂದು ಎಷ್ಟೋ ವರ್ಷದ ಮೇಲೆ ಆದದ್ದು. 1967ರ ಆ ಓಟದ ಸರಾಸರಿ ಲೆಕ್ಕ ಹಾಕೋದ್ರಲ್ಲಿ ತಪ್ಪಾಗಿತ್ತು ಅಂತ ಗೊತ್ತಾಗಿ, 2014ರಲ್ಲಿ ಅದನ್ನ 184.087 ಮೈಲಿ ಅಂತ ತಿದ್ದಿದ್ರು. ಮನ್ರೋ 1978ರಲ್ಲೇ ತೀರಿಕೊಂಡಿದ್ದ. ಕಾಗದದ ಮೇಲಿನ ಲೆಕ್ಕ 47 ವರ್ಷ ಆದ್ಮೇಲೂ ತಿದ್ದಬಹುದು. ಕೊರೆದ ಬ್ಲಾಕನ್ನ ತಿದ್ದೋಕಾಗಲ್ಲ.

ಹಾಗಂತ ಸಿನಿಮಾ ನೋಡಬೇಡಿ ಅಂತಿಲ್ಲ. ನೋಡಿ. ಆ ಶೆಡ್ಡು, ಆ ಗೂಡು, ಹಾಪ್ಕಿನ್ಸ್‌ನ ನಡಿಗೆ ಎಲ್ಲಕ್ಕೂ ನೋಡಬೇಕು. ಒಂಟಿ ಮನುಷ್ಯನ ಹಠವನ್ನ ಇಷ್ಟು ಪ್ರೀತಿಯಿಂದ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ. ನನ್ನ ತಕರಾರು ಇಷ್ಟೇ. ನಾವು ಮಾಡೋ ಹೆಚ್ಚಿನ ಕೆಲಸ ಒಂಟಿಯಾಗಿ ಮಾಡೋದಲ್ಲ. ಆಫೀಸು, ಅಪಾರ್ಟ್‌ಮೆಂಟು, ಮನೆ, ಎಲ್ಲ ಕಡೆ ಒಬ್ಬರಿಗೆ ಇನ್ನೊಬ್ಬರು ಜಾಗ ಬಿಡಬೇಕು. ಒಬ್ಬರ ಗೋಡೆ ಸ್ವಲ್ಪ ತೆಳ್ಳಗಾಗಲೇಬೇಕು. ಅದನ್ನ ಮುಂದೆ ನಿಂತು ಮಾಡಿಸೋರಿಗೆ ಈ ಸಿನಿಮಾ ಏನೂ ಕಲಿಸಲ್ಲ. ಬದಲಿಗೆ ನೀನೇ ನಾಯಕ ಅನ್ನೋ ಭ್ರಮೆ ಕೊಡುತ್ತೆ. ಎಂಟು ತಿಂಗಳು ನನಗೂ ಆ ಭ್ರಮೆ ಇತ್ತು.

ಈಗ ಅದೇ ಹನ್ನೆರಡು ಜನ ವಾಲ್ವು ಮಾಡಿಸೋಕೆ ಹೊರಟಿದ್ದೀವಿ. ಶೀಟಿನಲ್ಲಿ ಒಂದು ಕಾಲಂ ಹೊಸದಾಗಿ ಸೇರಿಸಿದ್ದೀನಿ: ಈ ಕೆಲಸಕ್ಕೆ ಯಾರು ಏನು ಬಿಟ್ಟುಕೊಡ್ತಿದ್ದಾರೆ. ಎಲ್ಲರಿಗೂ ಕಾಣೋ ಹಾಗೆ. ಮೇಷ್ಟ್ರ ಹೆಸರಿನ ಮುಂದೆ ಹಳೇ ಬಾಕಿಯಾಗಿ ‘20ರ ಬದಲು 40, ಅವರನ್ನ ಸರಿಯಾಗಿ ಕೇಳದೆ’ ಅಂತ ನಾನೇ ಬರೆದೆ. ಗ್ರೂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಬ್ಬಳ್ಳಿಯವರು, ಹಂಗಾದ್ರ ಈ ಸಲ ಅಳತಿ ಮೇಷ್ಟ್ರದ್ದು ಮೊದಲು ಹಿಡೀರಿ, ನಾವು ಅದಕ್ಕ ಹೊಂದಿಕೋತೀವಿ ಅಂದ್ರು.

ಮೇಷ್ಟ್ರು ಏನೂ ಬರೆಯಲಿಲ್ಲ. ಸಂಜೆ ಅವರ ಮುಂಗಡ ಬಂತು. ಎಲ್ಲರಿಗಿಂತ ಮೊದಲು.